ಆ ಮನೆ ಖಾಲಿ ಬಿದ್ದದ್ದು ಯಾಕೆ?

ಪರದೇಶದ ಹಳ್ಳಿಯೊಂದರಲ್ಲಿ ಪಾಳುಬಿದ್ದ ಹಳೆಮನೆ ಕೊಳ್ಳುವುದು, ಅದನ್ನು ರಿಪೇರಿ ಮಾಡಿಸುವುದು, ಆಮೇಲೆ ಅದನ್ನೇ ಪುಸ್ತಕವಾಗಿ ಬರೆಯುವುದು: ಇಂಗ್ಲಿಷಿನಲ್ಲಿ ಇದೊಂದು ಪ್ರಕಾರವೇ ಆಗಿಹೋಗಿದೆ. ಅಂಗಡಿಗಳಲ್ಲಿ ಇವನ್ನು ಪ್ರವಾಸಕಥನಗಳ ಕಪಾಟಿನಲ್ಲಿ ಇಡುತ್ತಾರೆ, ಆದರೆ ಇಲ್ಲಿನ ಪ್ರವಾಸಿ ಒಂದು ಕಡೆ ಹೋಗಿ ಕೂತ ಮೇಲೆ ಮತ್ತೆಲ್ಲಿಗೂ ಹೋಗುವುದಿಲ್ಲ. ಮಾಡು ಸೋರುತ್ತದೆ. ಕೊಳಾಯಿ ಒಡೆಯುತ್ತದೆ. ನಾಳೆ ಬರುತ್ತೇನೆಂದು ಹೇಳಿ ಹೋದ ಗಾರೆಯವನು ವಾರಗಟ್ಟಲೆ ಪತ್ತೆಯಿರುವುದಿಲ್ಲ. ನಡುನಡುವೆ ಭರ್ಜರಿ ಊಟದ ವರ್ಣನೆ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅನ್ನುವ ನಾಡಿನವರಾದ ನಮಗೆ ಇದರಲ್ಲಿ ಅರ್ಥವಾಗದ್ದು ಏನೂ ಇಲ್ಲ. ನಾನಂತೂ ಇಂಥ ಪುಸ್ತಕ ಸಿಕ್ಕರೆ ಬಿಡುವುದಿಲ್ಲ.

ಆದರೆ ಓದುತ್ತಾ ಹೋದಂತೆ ಒಂದು ಪ್ರಶ್ನೆ ಜೊತೆಗೇ ಬರುತ್ತದೆ. ಹೊರಗಿನಿಂದ ಬಂದವನ ಕೈಗೆಟುಕುವ ಬೆಲೆಗೆ ಸಿಗುವ ಹಾಗೆ ಆ ಮನೆ ಖಾಲಿ ಬಿದ್ದದ್ದು ಯಾಕೆ? ಅಲ್ಲಿದ್ದವರು ಎಲ್ಲಿಗೆ ಹೋದರು? ಲೇಖಕ ಈ ಪ್ರಶ್ನೆಯ ಹಿಂದೆ ಎಷ್ಟು ದೂರ ಹೋಗುತ್ತಾನೆ ಅನ್ನುವುದರ ಮೇಲೆ ನಾನು ಈ ಪುಸ್ತಕಗಳನ್ನು ತೂಗುತ್ತೇನೆ.

ಎಲ್ಲರಿಗೂ ಗೊತ್ತಿರುವ ಪುಸ್ತಕದಿಂದಲೇ ಶುರು ಮಾಡಬಹುದು. ಪೀಟರ್ ಮೇಲ್‌ನ 'ಎ ಇಯರ್ ಇನ್ ಪ್ರೊವಾನ್ಸ್' ಬಂದದ್ದು 1989ರಲ್ಲಿ. ಜಾಹೀರಾತು ಪ್ರಪಂಚದಿಂದ ಬಂದ ಇಂಗ್ಲಿಷಿನವನು ದಕ್ಷಿಣ ಫ್ರಾನ್ಸಿನ ಮೆನೆರ್ಬ್ ಊರಿನ ಹತ್ತಿರ ಹಳೆಯ ಕಲ್ಲಿನ ತೋಟದಮನೆ ಕೊಳ್ಳುತ್ತಾನೆ. ತಿಂಗಳಿಗೊಂದರಂತೆ ಹನ್ನೆರಡು ಅಧ್ಯಾಯ. ಮುಗಿಯದ ಕೆಲಸವನ್ನು ಮುಗಿಸುವ ಉಪಾಯವೇ ಪುಸ್ತಕದ ಒಳ್ಳೆಯ ತಮಾಷೆ. ಕ್ರಿಸ್‌ಮಸ್ ಹೊತ್ತಿಗೆ ಮನೆಯಲ್ಲಿ ಔತಣ ಇಟ್ಟು ಕೆಲಸದವರನ್ನೆಲ್ಲ ಹೆಂಡಂದಿರ ಸಮೇತ ಕರೆಯುತ್ತಾರೆ. ಅರ್ಧ ಕೆದಕಿಟ್ಟ ಗೋಡೆಯನ್ನು ಹೆಂಡತಿಗೆ ತೋರಿಸಲು ಯಾರಿಗೆ ಮನಸ್ಸು ಬರುತ್ತದೆ? ಎಲ್ಲರೂ ಓಡೋಡಿ ಬಂದು ಕೆಲಸ ಮುಗಿಸುತ್ತಾರೆ. ನಾನೂ ನಕ್ಕೆ. ಆದರೆ ಇದೇ ಪುಸ್ತಕದಲ್ಲಿ ಆ ಮನೆಗೆ ಸೇರಿದ ದ್ರಾಕ್ಷಿತೋಟವನ್ನು ನೋಡಿಕೊಳ್ಳುವ ಪಕ್ಕದ ರೈತ ಫೌಸ್ಟಿನ್ ಇದ್ದಾನೆ. ಅವನು ಪಾಲಿಗೆ ಸಾಗುವಳಿ ಮಾಡುವವನು. ಬೆಳೆಯಲ್ಲಿ ಮೂರರಲ್ಲಿ ಎರಡು ಪಾಲು ಅವನದು, ಒಂದು ಪಾಲು ಒಡೆಯನದು. ಇಂಗ್ಲೆಂಡಿನಿಂದ ಬಂದವನು ಮನೆಯ ಜೊತೆಗೆ ಒಡೆತನವನ್ನೂ ಕೊಂಡಿದ್ದಾನೆ. ಗೇಣಿಯ ಜಗಳಗಳನ್ನು, 1974ರ ಭೂಸುಧಾರಣೆಯ ತಿದ್ದುಪಡಿಯನ್ನು ಕಂಡ ನಾಡಿನ ಓದುಗ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತಾನೆ. ಮೇಲ್ ನಿಲ್ಲುವುದಿಲ್ಲ. ಅವನಿಗೆ ಫೌಸ್ಟಿನ್ ಮಳೆಯ ಬಗ್ಗೆ ಗೊಣಗುವ, ಸದಾ ಕೇಡನ್ನೇ ಕಾಣುವ ರಸವತ್ತಾದ ಪಾತ್ರ, ಅಷ್ಟೇ.

ಫ್ರಾನ್ಸೆಸ್ ಮೇಯ್ಸ್‌ಳ 'ಅಂಡರ್ ದ ಟಸ್ಕನ್ ಸನ್' (1996) ಇದಕ್ಕಿಂತ ಸೂಕ್ಷ್ಮ. ಅವಳು ಕವಿ, ಸ್ಯಾನ್ ಫ್ರಾನ್ಸಿಸ್ಕೋದ ಪ್ರಾಧ್ಯಾಪಕಿ. ಇಟಲಿಯ ಕೊರ್ತೋನ ಊರಿನ ಹೊರಗೆ, ಮೂವತ್ತು ವರ್ಷ ಬಾಗಿಲು ಮುಚ್ಚಿದ್ದ 'ಬ್ರಮಸೋಲೆ' ಎಂಬ ಮನೆ ಕೊಳ್ಳುತ್ತಾಳೆ. ಸುಣ್ಣದ ಪದರ ಉಜ್ಜಿದಾಗ ಊಟದ ಕೋಣೆಯ ಗೋಡೆಯಲ್ಲಿ ಹಳೆಯ ಭಿತ್ತಿಚಿತ್ರ ಮೂಡಿಬರುವ ಭಾಗ ತುಂಬ ಚೆನ್ನಾಗಿದೆ. ಅವಳಲ್ಲಿ ಕೆಲಸ ಮಾಡುವವರಲ್ಲಿ ಪೋಲೆಂಡಿನಿಂದ ದುಡಿಯಲು ಬಂದವರೂ ಇದ್ದಾರೆ. ಅವರೂ ಪರದೇಶಿಗಳೇ, ಅವಳೂ ಪರದೇಶಿಯೇ. ಒಂದೇ ಅಂಗಳದಲ್ಲಿ ಎರಡು ಬಗೆಯ ವಲಸೆ ಎದುರುಬದುರು ನಿಂತಿವೆ. ಒಂದು ಕಾದಂಬರಿಗೆ ಸಾಕಾಗುವಷ್ಟು ಸರಕು ಅಲ್ಲಿತ್ತು. ಮೇಯ್ಸ್ ಅವರನ್ನು ಪ್ರೀತಿಯಿಂದಲೇ ಕಾಣುತ್ತಾಳೆ, ಮತ್ತೆ ಅಡುಗೆಮನೆಗೆ ಹೋಗುತ್ತಾಳೆ. ಟಸ್ಕನಿಯ ತೋಟದಮನೆಗಳು ಸಾಲಾಗಿ ಖಾಲಿಯಾದದ್ದಕ್ಕೆ ಗಟ್ಟಿಯಾದ ಕಾರಣಗಳಿವೆ. ತಲೆಮಾರುಗಳಿಂದ ಒಡೆಯನಿಗೆ ಅರ್ಧ ಬೆಳೆ ಅಳೆದುಕೊಡುತ್ತಿದ್ದ ಒಕ್ಕಲು ಕುಟುಂಬಗಳು ಎರಡನೆಯ ಮಹಾಯುದ್ಧದ ನಂತರ ಕಾರ್ಖಾನೆಗಳ ಕಡೆಗೆ ನಡೆದವು. 1964ರ ಕಾನೂನು ಹೊಸ ಪಾಲುಗಾರಿಕೆಯ ಕರಾರುಗಳನ್ನೇ ನಿಷೇಧಿಸಿತು. ಹೊರಗಿನವರು ಮುಗ್ಧರಾಗಿ ಮೆಚ್ಚುವ ಆ ಕಲ್ಲುಮನೆಗಳಲ್ಲಿ ಎಷ್ಟೋ ಮನೆಗಳು ಒಕ್ಕಲುತನದ ಬೇಸರದಿಂದ ಜನ ಎದ್ದುಹೋದ ಮನೆಗಳು. ಈ ಹಿನ್ನೆಲೆ ಮೇಯ್ಸ್‌ಳ ಬಿಸಿಲಿನಲ್ಲಿ ನನಗೆ ಮಸುಕಾಗಿಯೇ ಕಂಡಿತು.

ಇವೆರಡಕ್ಕೂ ಅಣ್ಣನಂಥ ಪುಸ್ತಕ ಲಾರೆನ್ಸ್ ಡರೆಲ್‌ನ 'ಬಿಟರ್ ಲೆಮನ್ಸ್' (1957). ಈ ಪ್ರಕಾರದಲ್ಲಿ ಇಷ್ಟು ಒಳ್ಳೆಯ ಗದ್ಯ ನಾನು ಬೇರೆಲ್ಲೂ ಓದಿಲ್ಲ. ಇಷ್ಟು ಕಿರಿಕಿರಿ ಮಾಡಿದ ಪುಸ್ತಕವೂ ಬೇರೆ ಇಲ್ಲ.

1953ರಲ್ಲಿ ಡರೆಲ್ ಸೈಪ್ರಸ್ ದ್ವೀಪಕ್ಕೆ ಬರುತ್ತಾನೆ. ಅದಾಗ ಬ್ರಿಟಿಷರ ವಸಾಹತು. ಕೊರ್ಫು ದ್ವೀಪದಲ್ಲಿ ಹಿಂದೆ ಇದ್ದವನಾದ್ದರಿಂದ ಗ್ರೀಕ್ ಭಾಷೆ ಬರುತ್ತದೆ. ಬೆಲ್ಲಪೈಸ್ ಎಂಬ ಹಳ್ಳಿಯಲ್ಲಿ ಮನೆ ಹುಡುಕುತ್ತಾನೆ. ದಲ್ಲಾಳಿ ಸಬ್ರಿ, ತುರ್ಕಿಯವನು. ಮಾರುವವಳು ಮೋಚಿಯೊಬ್ಬನ ಹೆಂಡತಿ, ಗ್ರೀಕಳು. ಕೊಳ್ಳುವವನು ಇಂಗ್ಲಿಷಿನವನು. ಸಬ್ರಿಯ ಕಚೇರಿಯಲ್ಲಿ ನಡೆಯುವ ಚೌಕಾಸಿಯ ಅಧ್ಯಾಯ ಬಿಡಿಯಾಗಿ ಸಂಕಲನಗಳಲ್ಲಿ ಸೇರುವಷ್ಟು ಪ್ರಸಿದ್ಧ. ಮನೆಯ ದೊಡ್ಡ ಬೀಗದಕೈ ಮೇಜಿನ ಮೇಲೆ ಅತ್ತಿಂದಿತ್ತ ಹೋಗುತ್ತದೆ. ಕಿರುಚಾಟ, ಶಾಪ, ಎದ್ದುಹೋಗುವ ನಾಟಕ. ಕೊನೆಗೆ 300 ಪೌಂಡಿಗೆ ಮನೆ ಕುದುರುತ್ತದೆ. ಮಾತಿನ ಲಯ, ಸಬ್ರಿಯ ನಿಧಾನ, ಆ ಹೆಂಗಸಿನ ಆರ್ಭಟ ಎಲ್ಲವೂ ನಾಟಕದ ಹಾಗೆ ಕಣ್ಣಿಗೆ ಕಟ್ಟುತ್ತವೆ.

ಎರಡನೆಯ ಸಲ ಓದುವಾಗ ನನ್ನ ಗಮನ ಡರೆಲ್ ಕೂತ ಜಾಗದ ಕಡೆಗೆ ಹೋಯಿತು. ಚೌಕಾಸಿಯ ಹೊತ್ತಿನಲ್ಲಿ ಅವನು ಹೆಚ್ಚುಕಡಿಮೆ ಸುಮ್ಮನಿರುತ್ತಾನೆ. ಅವನ ಪರವಾಗಿ ತುರ್ಕಿ, ಗ್ರೀಕಳ ಮೇಲೆ ಜಗಳ ಮಾಡುತ್ತಾನೆ. ಆಳುವ ದೇಶದವನು ನಡುವೆ ಕೂತು ನೋಡುತ್ತಾನೆ, ಲಾಭ ಅವನಿಗೆ. ಇದು ಬರೀ ಮನೆ ವ್ಯಾಪಾರ ಅನ್ನಿಸುವುದಿಲ್ಲ. ಆ ದ್ವೀಪದ ಮುಂದಿನ ಕೆಲವು ವರ್ಷಗಳೇ ಆ ಕೋಣೆಯಲ್ಲಿ ಸಣ್ಣದಾಗಿ ಕೂತಿವೆ. 1955ರ ಏಪ್ರಿಲ್‌ನಲ್ಲಿ ಗ್ರೀಕ್ ಸೈಪ್ರಿಯೋಟರ ಸಶಸ್ತ್ರ ಹೋರಾಟ ಆರಂಭವಾಗುವ ಹೊತ್ತಿಗೆ ಡರೆಲ್ ವಸಾಹತು ಸರ್ಕಾರದ ಪತ್ರಿಕಾ ಸಲಹೆಗಾರನಾಗಿದ್ದ. ಇದು ರಾಜಕೀಯದ ಪುಸ್ತಕವಲ್ಲ ಎಂದು ಅವನು ಮುನ್ನುಡಿಯಲ್ಲಿಯೇ ಹೇಳಿಬಿಡುತ್ತಾನೆ. ಆದರೆ ಅರ್ಧಕ್ಕೆ ಬರುವಷ್ಟರಲ್ಲಿ ಗಾರೆ, ನಿಂಬೆಮರ, ಹೆಂಡದಂಗಡಿ ಎಲ್ಲ ಹಿಂದೆ ಸರಿದು ಬಾಂಬು, ಕರ್ಫ್ಯೂ, ನೇಣು ಮುಂದೆ ಬರುತ್ತವೆ. ಕೊನೆಯಲ್ಲಿ ಸಾಮಾನು ತೆಗೆದುಕೊಳ್ಳಲು ಹಳ್ಳಿಗೆ ಬಂದಾಗ, ಹಿಂದೆ ಕೂಗಿ ಕರೆದು ಮಾತಾಡಿಸುತ್ತಿದ್ದ ಜನ ಮೌನವಾಗಿರುತ್ತಾರೆ. ಈ ಮೌನವನ್ನು ಅವನು ಬರೆದಿದ್ದಾನೆ ಅನ್ನುವುದು ಅವನ ದೊಡ್ಡತನ. ಅದನ್ನು ಒಂದು ಸ್ನೇಹದ ದುರಂತವಾಗಿ ಮಾತ್ರ ಕಾಣುವುದು ಅವನ ಮಿತಿ. ಸಂಬಳ ಕೊಡುತ್ತಿದ್ದವರು ಯಾರು ಎಂಬುದು ಅವನಿಗಿಂತ ಮೊದಲೇ ಕಾಫಿಯಂಗಡಿಯಲ್ಲಿ ಕೂತವರಿಗೆ ಹೊಳೆದಿತ್ತು.

ಸೈಪ್ರಸ್ಸಿನವರು ಇದಕ್ಕೆ ಉತ್ತರ ಕೊಟ್ಟರು. ಕವಿ ಕೋಸ್ತಾಸ್ ಮೊಂಡಿಸ್ 1964ರಲ್ಲಿ 'ಮುಚ್ಚಿದ ಬಾಗಿಲುಗಳು' ಎಂಬರ್ಥದ ಹೆಸರಿನ ಕಿರುಕಾದಂಬರಿಯನ್ನು ಡರೆಲ್‌ಗೆ ಉತ್ತರವಾಗಿಯೇ ಬರೆದ. ಅದೇ ವರ್ಷಗಳು, ಅದೇ ದ್ವೀಪ; ಆದರೆ ಹೇಳುವವನು ಅಲ್ಲಿಯದೇ ಒಬ್ಬ ಹುಡುಗ. ಡರೆಲ್‌ನಲ್ಲಿ ಶಾಲೆಯ ಹುಡುಗರು ಯಾರದೋ ಮಾತಿಗೆ ಮರುಳಾಗಿ ಕೆರಳಿದವರಂತೆ ಕಾಣುತ್ತಾರೆ. ಮೊಂಡಿಸ್‌ನಲ್ಲಿ ಅವರಿಗೆ ಮನೆಯಿದೆ, ಅಮ್ಮಂದಿರಿದ್ದಾರೆ, ಭಯವಿದೆ. ಮನೆ ಕೊಂಡವನ ಪುಸ್ತಕ ಲೋಕವೆಲ್ಲ ಓದಿತು, ಆ ಊರಿನವನ ಪುಸ್ತಕ ಬಹುಕಾಲ ಗ್ರೀಕಿನಲ್ಲೇ ಉಳಿಯಿತು. ತೌಲನಿಕ ಅಧ್ಯಯನಕ್ಕೆ ವಿಷಯ ಹುಡುಕುತ್ತಿರುವ ವಿದ್ಯಾರ್ಥಿಗಳು ಈ ಜೋಡಿಯನ್ನು ಗುರುತುಮಾಡಿಕೊಳ್ಳಬಹುದು. 1974ರಲ್ಲಿ ದ್ವೀಪ ಎರಡಾಗಿ, ಬೆಲ್ಲಪೈಸ್ ಉತ್ತರದ ತುರ್ಕಿ ಭಾಗಕ್ಕೆ ಸೇರಿತು. ಅಲ್ಲಿನ ಗ್ರೀಕ್ ಕುಟುಂಬಗಳು ಊರು ಬಿಡಬೇಕಾಯಿತು. ಡರೆಲ್‌ನ ನೆರೆಹೊರೆಯ ಮನೆಗಳೆಲ್ಲ ಖಾಲಿಯಾದದ್ದು ಹಾಗೆ.

ಕೊನೆಗೆ ಅಲೆಕ್ಸ್ ಕೆರ್‌ನ 'ಲಾಸ್ಟ್ ಜಪಾನ್'. ಇದನ್ನು ಮೊದಲು ಜಪಾನಿ ಭಾಷೆಯಲ್ಲಿ ಬರೆದದ್ದು, 1993ರಲ್ಲಿ. ಮರುವರ್ಷ ಅದಕ್ಕೆ ಅಲ್ಲಿನ ಪ್ರತಿಷ್ಠಿತ ಶಿಂಚೋ ಗಾಕುಗೇ ಪ್ರಶಸ್ತಿ ಬಂತು. ವಿದೇಶಿಯೊಬ್ಬನಿಗೆ ಅದು ಮೊದಲ ಸಲ. ಇಂಗ್ಲಿಷಿಗೆ ಬಂದದ್ದು 1996ರಲ್ಲಿ. ಈ ಕ್ರಮ ನನಗೆ ಮುಖ್ಯ. ಮೇಲ್, ಮೇಯ್ಸ್ ಬರೆದದ್ದು ಊರಿನವರ ಬಗ್ಗೆ, ತಮ್ಮವರಿಗಾಗಿ. ಕೆರ್ ಬರೆದದ್ದನ್ನು ಅವನ ನೆರೆಯವರು ಓದಬಹುದಿತ್ತು, ತಪ್ಪಿದ್ದರೆ ಮುಖಕ್ಕೆ ಹೇಳಬಹುದಿತ್ತು.

ಕೆರ್ ಅಮೆರಿಕದವನು. 1973ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, ಶಿಕೋಕು ದ್ವೀಪದ ಇಯಾ ಕಣಿವೆಯಲ್ಲಿ ಜನ ಬಿಟ್ಟುಹೋದ ಹುಲ್ಲುಮಾಡಿನ ಮನೆ ಕೊಳ್ಳುತ್ತಾನೆ. ಬೆಲೆ ಕಟ್ಟಿದ್ದು ನೆಲಕ್ಕೆ. ಮನೆಗೆ ಲೆಕ್ಕವೇ ಇಲ್ಲ. ಅದಕ್ಕೆ 'ಚಿಯೋರಿ' ಎಂದು ಹೆಸರಿಡುತ್ತಾನೆ, ಕೊಳಲಿನ ಗುಡಿಸಲು ಎಂದು. ಮಾಡಿನ ಬಗ್ಗೆ ಅವನು ಬರೆದ ಪುಟಗಳಲ್ಲಿ ಈ ಪ್ರಕಾರದ ನಿಜವಾದ ತಿರುಳಿದೆ. ಹುಲ್ಲುಮಾಡು ಬಾಳುವುದು ಒಳಗಿನ ಒಲೆಯ ಹೊಗೆಯಿಂದ. ನೆಲದ ನಡುವಿನ ಅಗ್ಗಿಷ್ಟಿಕೆಯ ಹೊಗೆ ಮೇಲೇರಿ ಹುಲ್ಲನ್ನು ಒಣಗಿಸುತ್ತದೆ, ಹುಳ ಹತ್ತದಂತೆ ಕಾಯುತ್ತದೆ. ಮನೆಯಲ್ಲಿ ಬೆಂಕಿ ಆರಿದರೆ ಮಾಡು ಕೊಳೆಯುತ್ತದೆ. ಹೊಸದಾಗಿ ಹೊದಿಸಬೇಕೆಂದರೆ ಗುಡ್ಡದಲ್ಲಿ ಆ ಹುಲ್ಲಿರಬೇಕು, ಕೊಯ್ಯುವ ಕೈಗಳಿರಬೇಕು, ಗೊತ್ತಿರುವ ಕೆಲಸಗಾರರಿರಬೇಕು. ಮಲೆನಾಡಿನಲ್ಲಿ ಸೋಗೆ ಹೊದಿಸಿದ ಮನೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ಮನೆ ನಿಲ್ಲಲು ಒಂದು ಊರು ಬೇಕು. ಊರು ಪೇಟೆಗಳ ಕಡೆ ಹೋಗಿಯಾಗಿತ್ತು. ರಿಪೇರಿಯ ಕಷ್ಟವನ್ನು ಮೇಲ್ ತಮಾಷೆಗೆ ತಿರುಗಿಸುತ್ತಾನೆ. ಕೆರ್ ಅದೇ ಕಷ್ಟವನ್ನು ಹಿಡಿದು ಊರು ಯಾಕೆ ಖಾಲಿಯಾಯಿತು ಎಂಬಲ್ಲಿಗೆ ಹೋಗುತ್ತಾನೆ.

ಆದರೆ ಅವನ ಬಗ್ಗೆಯೂ ನನ್ನದೊಂದು ತಕರಾರಿದೆ, ಅದಕ್ಕೆ ಸಾಕ್ಷಿ ಒದಗಿಸುವವನೂ ಅವನೇ. ಮನೆ ಗುಡಿಸುವಾಗ ಅವನಿಗೆ ಒಂದು ದಿನಚರಿ ಸಿಗುತ್ತದೆ. ಅಜ್ಜ ಅಜ್ಜಿಯ ಜೊತೆ ಅಲ್ಲಿ ಬೆಳೆದ ಹುಡುಗಿಯೊಬ್ಬಳದು. ಬಡತನ, ಮನೆಯೊಳಗಿನ ಕತ್ತಲು, ಪೇಟೆಯ ಹಂಬಲ. ಹದಿನೆಂಟರ ಹೊತ್ತಿಗೆ ದಿನಚರಿ ನಿಂತುಹೋಗುತ್ತದೆ. ಅವಳು ಮನೆ ಬಿಟ್ಟು ಓಡಿಹೋದಳೆಂದು ಊರವರು ಹೇಳುತ್ತಾರೆ. ಅವಳು ಮರಳಿ ಬರಲೆಂದು ಅಜ್ಜ ಅಜ್ಜಿ ಒಂದು ಚೀಟಿ ಬರೆದು, ಮಂತ್ರದ ಹಾಗೆ, ಬಾಗಿಲಿಗೆ ತಲೆಕೆಳಗಾಗಿ ಅಂಟಿಸಿದ್ದರು. ಅವಳು ಬರಲಿಲ್ಲ.

ಕೆರ್ ಪ್ರೀತಿಸುವ ಮನೆಯೆಂದರೆ ಆ ಕತ್ತಲೇ. ಹೊಗೆಯಿಂದ ಕಪ್ಪಾಗಿ ಮಿಂಚುವ ನೆಲಹಲಗೆ, ಎತ್ತರದ ಮಾಡಿನಡಿಯ ನೆರಳು, ಮಂಜು ತುಂಬಿದ ಕಣಿವೆ. ಹುಡುಗಿ ಯಾವುದನ್ನು ತಾಳಲಾರದೆ ಓಡಿದಳೋ ಅದನ್ನೇ ಅವನು ವರ್ಷಗಟ್ಟಲೆ ದುಡಿದು ಉಳಿಸಿಕೊಳ್ಳುತ್ತಾನೆ. ಉಳಿಸಿದ್ದು ತಪ್ಪು ಅನ್ನುತ್ತಿಲ್ಲ. ಅವನಿಲ್ಲದಿದ್ದರೆ ಆ ಮನೆ ಕುಸಿದಿರುತ್ತಿತ್ತು. ಆದರೆ ಪುಸ್ತಕದ ಹೆಸರಿನಲ್ಲಿರುವ 'ಕಳೆದುಹೋದ' ಎಂಬ ಮಾತನ್ನು ಅವಳು ಒಪ್ಪುತ್ತಿದ್ದಳೇ? ಕಾಂಕ್ರೀಟು, ಟ್ಯೂಬ್‌ಲೈಟು, ಅಪಾರ್ಟ್‌ಮೆಂಟುಗಳ ಮೇಲೆ ಕೆರ್ ಸಿಟ್ಟಾಗುವಾಗಲೆಲ್ಲ ನನಗೆ ಆ ಹುಡುಗಿ ಟ್ಯೂಬ್‌ಲೈಟಿನ ಕೆಳಗೆ ನೆಮ್ಮದಿಯಾಗಿ ಕೂತಿರುವಂತೆ ಕಾಣುತ್ತದೆ. ನಮ್ಮ ಕಾರಂತರ 'ಮರಳಿ ಮಣ್ಣಿಗೆ'ಯ ರಾಮ ಹಿಂದಿರುಗುವುದು ತನ್ನದೇ ಮನೆತನದ ನೆಲಕ್ಕೆ. ಅದರ ದುಡಿಮೆ, ಕಣ್ಣೀರು ಎರಡೂ ಅವನಿಗೆ ಮೈಯಲ್ಲೇ ಗೊತ್ತು. ಕೆರ್‌ಗೆ ಅದು ಗೊತ್ತಾಗಬೇಕಾದರೆ ಇನ್ನೊಬ್ಬಳ ದಿನಚರಿಯೇ ಬೇಕು.

ಅವನು ಅದನ್ನು ಮುಚ್ಚಿಡಲಿಲ್ಲ, ಬಾಗಿಲಿನ ಚೀಟಿಯನ್ನು ಕಿತ್ತೂ ಹಾಕಲಿಲ್ಲ. ಹಾಗಾಗಿಯೇ ನಾಲ್ಕು ಪುಸ್ತಕಗಳಲ್ಲಿ ಇದನ್ನು ಮೇಲೆ ಇಡುತ್ತೇನೆ. ಆದರೆ ಅವಳಿಗೆ ಸಿಕ್ಕಿರುವ ಜಾಗ ತೀರ ಸಣ್ಣದು, ಮಾಡಿಗೆ ಕೊಟ್ಟಷ್ಟೂ ಇಲ್ಲ. ಆ ದಿನಚರಿ ಪೂರ್ತಿಯಾಗಿ ಅಚ್ಚಾಗಿದ್ದರೆ ನಾನು ಅದನ್ನು ಮೊದಲು ಓದಿ, ಆಮೇಲೆ ಕೆರ್‌ನ ಪುಸ್ತಕಕ್ಕೆ ಬರುತ್ತಿದ್ದೆ.