ಹಾಸ್ಯಪ್ರಶ್ನೆಯ ಆಯುಷ್ಯ: ‘ಯು ಡೋಂಟ್ ನೋ ಜ್ಯಾಕ್’ ಕ್ರೀಡಾಮಾಲೆಯ ಪುನರ್ವಿಮರ್ಶೆ

ಗಣಕಯಂತ್ರದ ಆಟವೊಂದು ವಿದ್ವತ್ಪತ್ರಿಕೆಯ ವಿಮರ್ಶೆಗೆ ತಕ್ಕ ವಸ್ತುವೇ ಎಂದು ಕೆಲವರು ಕೇಳಬಹುದು. ಒಂದು ಕಾಲದ ಜನ ಯಾವುದನ್ನು ‘ಎಲ್ಲರಿಗೂ ತಿಳಿದದ್ದು’ ಎಂದು ಭಾವಿಸಿದ್ದರೆಂಬುದು ಇತಿಹಾಸಕಾರನಿಗೆ ಸುಲಭವಾಗಿ ದೊರೆಯುವ ವಿಷಯವಲ್ಲ. ಶಾಸನಗಳೂ ಕಡತಗಳೂ ಹೇಳಬೇಕಾದುದನ್ನು ಹೇಳುತ್ತವೆ. ಹೇಳುವ ಅಗತ್ಯವಿಲ್ಲವೆಂದು ಬಿಟ್ಟುದನ್ನು ಹೇಳುವುದಿಲ್ಲ. ನಗೆಮಾತು ನಿಲ್ಲುವುದು ಆ ಬಿಟ್ಟುದರ ಮೇಲೆಯೇ. ಈ ದೃಷ್ಟಿಯಿಂದ ಅಮೆರಿಕದ ‘ಯು ಡೋಂಟ್ ನೋ ಜ್ಯಾಕ್’ ಎಂಬ ಪ್ರಶ್ನೋತ್ತರ ಕ್ರೀಡಾಮಾಲೆಯನ್ನು ಇಷ್ಟು ವರ್ಷಗಳ ಮೇಲೆ ಮತ್ತೊಮ್ಮೆ ಪರಿಶೀಲಿಸುವುದು ನಿಷ್ಪ್ರಯೋಜಕವಾಗದೆಂದು ನಾವು ಭಾವಿಸುತ್ತೇವೆ.

ಇದರ ಮೊದಲ ಸಂಪುಟ 1995ರಲ್ಲಿ ಹೊರಬಂದಿತು. ಷಿಕಾಗೋ ನಗರದ ಜೆಲ್ಲಿವಿಷನ್ ಸಂಸ್ಥೆಯೂ ಕ್ಯಾಲಿಫೋರ್ನಿಯದ ಬರ್ಕ್ಲೀ ಸಿಸ್ಟಮ್ಸ್ ಸಂಸ್ಥೆಯೂ ಕೂಡಿ ಇದನ್ನು ಸಿದ್ಧಪಡಿಸಿದುವು. ಹೆಸರಿನ ಅರ್ಥ, ಸ್ಥೂಲವಾಗಿ, ‘ನಿನಗೇನೂ ಗೊತ್ತಿಲ್ಲ’ ಎಂದು. ಒಂದೇ ಕೀಲಿಮಣೆಯ ಸುತ್ತ ಮೂವರವರೆಗೆ ಕುಳಿತು ಆಡಬಹುದಾಗಿದ್ದ ಈ ಆಟದ ಮೂಲ ಶಿಕ್ಷಣಕ್ಷೇತ್ರದಲ್ಲಿದೆ ಎಂಬುದು ಗಮನಾರ್ಹ. ಎಳೆಯರಲ್ಲಿ ಓದಿನ ಅಭಿರುಚಿ ಬೆಳೆಸಲೆಂದು ರಚಿಸಿದ ‘ದಟ್ಸ್ ಎ ಫ್ಯಾಕ್ಟ್, ಜ್ಯಾಕ್!’ ಎಂಬ ಪ್ರಶ್ನೋತ್ತರವೇ ಇದರ ಪೂರ್ವರೂಪ.

ಆಟದ ಜೀವವೆಂದರೆ ಅದರ ನಿರ್ವಾಹಕ. ಇಂಥ ನಿರ್ವಾಹಕರಲ್ಲಿ ಟಾಮ್ ಗಾಟ್ಲೀಬ್ ಧ್ವನಿ ನೀಡಿದ ಕುಕೀ ಮಾಸ್ಟರ್ಸನ್ ಹೆಚ್ಚು ಪ್ರಸಿದ್ಧ. ಮುಖ ಕಾಣಿಸದ ಈ ವ್ಯಕ್ತಿ ಸೂತ್ರಧಾರನೂ ಹೌದು, ವಿದೂಷಕನೂ ಹೌದು. ತಪ್ಪು ಉತ್ತರ ಕೊಟ್ಟವನಿಗೆ ಆ ತಪ್ಪಿಗೇ ಹೊಂದುವ ಕುಹಕ ಕಾದಿರುತ್ತದೆ. ಎದುರಾಳಿಗೆ ಉತ್ತರ ತಿಳಿಯದೆಂದು ಶಂಕಿಸಿದ ಆಟಗಾರ, ಅವನೇ ಉತ್ತರಿಸಬೇಕೆಂದು ಕಟ್ಟುಹಾಕಬಹುದು. ಅರ್ಥವಿಲ್ಲದ ಪದಗಳ ಸಾಲೊಂದನ್ನು ಕೊಟ್ಟು, ಅದಕ್ಕೆ ಪ್ರಾಸವಾಗುವ ಪ್ರಸಿದ್ಧ ನುಡಿಯನ್ನು ಕೇಳುವ ಒಗಟೂ ಉಂಟು. ಅಲ್ಲಿ ಬೈಗುಳವನ್ನು ಅಚ್ಚಿಸಿದವನು ಛೀಮಾರಿಯನ್ನು ಉಣ್ಣುವುದಲ್ಲದೆ ಗಳಿಸಿದ್ದನ್ನೂ ಕಳೆದುಕೊಳ್ಳುತ್ತಾನೆ.

ಹಳೆಯ ಸಂಪುಟಗಳು ಈಗಿನ ಗಣಕಗಳಿಗಾಗಿ ಮರಳಿ ಬಿಡುಗಡೆಯಾಗಿವೆ. ಅವನ್ನು ಇಂದು ಆಡಿದವರಿಗೆ ಮೊದಲು ಕಾಣುವುದು ಹಾಸ್ಯದ ಸವೆತ. ಅಂದಿನ ದೂರದರ್ಶನದ ಧಾರಾವಾಹಿ, ಜಾಹೀರಾತಿನ ಘೋಷವಾಕ್ಯ, ನಟನಟಿಯರ ಸುದ್ದಿ, ಇವೆಲ್ಲ ಆಗ ಟಿಪ್ಪಣಿ ಬೇಡದ ವಿಷಯಗಳಾಗಿದ್ದುವು. ಇಂದು ಟಿಪ್ಪಣಿಯಿಲ್ಲದೆ ಅವು ತಿಳಿಯವು. ಟಿಪ್ಪಣಿ ಸೇರಿತೆಂದರೆ ನಗೆ ಉಳಿಯದು. ಷೇಕ್ಸ್‌ಪಿಯರನನ್ನು ಕುರಿತ ಪ್ರಶ್ನೆ ಮಾಸುವುದಿಲ್ಲ. ಅವನಿಗೆ ಜೊತೆಗೂಡಿಸಿದ ತಿಂಡಿಪೊಟ್ಟಣದ ಹೆಸರು ಮಾಸುತ್ತದೆ. ಈ ‘ಎಲ್ಲರೂ’ ಯಾರೆಂಬುದೂ ವಿಚಾರಾರ್ಹ. ಬ್ರಿಟನ್, ಜರ್ಮನಿ, ಫ್ರಾನ್ಸ್, ಜಪಾನುಗಳಿಗೆ ಈ ಆಟ ಹೋದಾಗ ಬರಿಯ ಭಾಷಾಂತರ ಸಾಲದಾಯಿತು. ಆಯಾ ದೇಶಕ್ಕೆ ಒಗ್ಗುವ ಪ್ರಶ್ನೆಗಳೂ ನಿರ್ವಾಹಕರೂ ಬೇಕಾದರು. ಅಮೆರಿಕದ ಮನೆಯ ದೂರದರ್ಶನದ ಮುಂದೆ ಬೆಳೆಯದವನ ಅಜ್ಞಾನವನ್ನು ಮೂಲದ ನಿರ್ವಾಹಕ ಹಂಗಿಸಿದರೆ, ಅದು ಅಜ್ಞಾನದ ಪರಿಹಾಸವಾಗದೆ ಹೊರಗಿನವನ ಪರಿಹಾಸವಾಗುತ್ತದೆ. ಇದು ಈ ಕೃತಿಯ ನಿಜವಾದ ದೋಷ.

ಆದರೂ ಆಟ ಸತ್ತಿಲ್ಲ. ಏಕೆಂದರೆ ಸವೆದುದು ವಿಷಯ; ಕೇಳುವ ರೀತಿ ಸವೆದಿಲ್ಲ. ಜೆಲ್ಲಿವಿಷನ್ ಸ್ಥಾಪಕ ಹ್ಯಾರಿ ಗಾಟ್ಲೀಬ್ ಈ ರೀತಿಯನ್ನು ‘ಜ್ಯಾಕ್ ಪ್ರಿನ್ಸಿಪಲ್ಸ್’ ಎಂಬ ಹೆಸರಿನಲ್ಲಿ ನಿರೂಪಿಸಿದ್ದಾನೆ. ಯಂತ್ರ ಆಟಗಾರನನ್ನು ಅರಿತು ಮಾತನಾಡುತ್ತಿದೆ ಎಂಬ ಭ್ರಾಂತಿಯನ್ನು ಹುಟ್ಟಿಸಿ, ಅದು ಎಲ್ಲಿಯೂ ಮುರಿಯದಂತೆ ನಡಸಬೇಕೆಂಬುದು ಅದರ ತಿರುಳು. 2001ರಲ್ಲಿ ಎ.ಬಿ.ಸಿ. ದೂರದರ್ಶನದಲ್ಲಿ ಪಾಲ್ ರೂಬೆನ್ಸ್ ನಡಸಿಕೊಟ್ಟ ರೂಪಾಂತರ ಆರೇ ಕಂತುಗಳಲ್ಲಿ ನಿಂತುಹೋಯಿತು. ಅಲ್ಲಿ ಮಾತು ಸ್ಪರ್ಧಿಗಳೊಡನೆ ನಡೆಯಿತು. ಮನೆಯಲ್ಲಿ ಕುಳಿತವನು ಬರಿಯ ಪ್ರೇಕ್ಷಕನಾದನು. 2011ರ ಪುನರುಜ್ಜೀವನದಲ್ಲಿಯೂ, 2014ರಿಂದ ಜ್ಯಾಕ್‌ಬಾಕ್ಸ್ ಸಂಸ್ಥೆ ತಂದ ಪಾರ್ಟಿ ಪ್ಯಾಕುಗಳಲ್ಲಿಯೂ ಆಟಗಾರ ಮತ್ತೆ ಮಾತಿಗೆ ಗುರಿಯಾದ. ಕೀಲಿಮಣೆಯ ಸ್ಥಾನಕ್ಕೆ ಕೈಯ ದೂರವಾಣಿ ಬಂದಿತು.

ಇತಿಹಾಸವನ್ನು ಬೋಧಿಸುವ ನಮಗೆ ಇಲ್ಲೊಂದು ಪಾಠವುಂಟು. ‘ತಾಳೀಕೋಟೆಯ ಯುದ್ಧ ಯಾವ ವರ್ಷ ನಡೆಯಿತು?’ ಎಂದು ಪ್ರಶ್ನಪತ್ರಿಕೆಯಲ್ಲಿ ಕೇಳುತ್ತೇವೆ. ವಿದ್ಯಾರ್ಥಿ 1565 ಎಂದು ಬರೆದು ಮರೆಯುತ್ತಾನೆ. ‘ಷೇಕ್ಸ್‌ಪಿಯರ್ ತೊಟ್ಟಿಲಲ್ಲಿ ಅಳುತ್ತಿದ್ದಾಗ ದಕ್ಷಿಣದಲ್ಲಿ ಅಳುತ್ತಿದ್ದ ರಾಜಧಾನಿ ಯಾವುದು?’ ಎಂದು ಕೇಳಿದರೆ, ಅವನು ಎರಡು ಲೋಕಗಳನ್ನು ಒಂದೇ ಕಾಲದಲ್ಲಿ ನಿಲ್ಲಿಸಿ ನೋಡಬೇಕಾಗುತ್ತದೆ. ಉತ್ತರ ತಿಳಿಯದಿದ್ದರೂ ಪ್ರಶ್ನೆಯಿಂದಲೇ ಏನನ್ನೋ ಕಲಿಯುತ್ತಾನೆ. ಕುಹಕವನ್ನು ನಾವು ಅನುಕರಿಸಬೇಕಾಗಿಲ್ಲ. ತರಗತಿಯಲ್ಲಿ ಅದು ಬೇಗ ಗಾಯವಾಗುತ್ತದೆ. ಆದರೆ ಉತ್ತರಿಸುವವನು ಎದುರಿಗೆ ಕುಳಿತಿದ್ದಾನೆಂಬ ಎಚ್ಚರವನ್ನು ಈ ಆಟದಿಂದ ಕಲಿಯಬಹುದು. ಮುದ್ರಿತ ಪ್ರಶ್ನಪತ್ರಿಕೆಗಳಲ್ಲಿ ಅದು ಅಪರೂಪವಾಗಿದೆ.