ಶೋಕದಿಂದ ಸಾಹಚರ್ಯಕ್ಕೆ

ಸ್ವತಃ ಆಟಿಸಂ ಉಳ್ಳ ಅಮೆರಿಕದ ಜಿಮ್ ಸಿಂಕ್ಲೇರ್ ಅವರ ‘ಡೋಂಟ್ ಮೌರ್ನ್ ಫಾರ್ ಅಸ್’ (ನಮಗಾಗಿ ಶೋಕಿಸದಿರಿ) ಎಂಬ ಲೇಖನ 1993ರಲ್ಲಿ ಪ್ರಕಟವಾಯಿತು. ತಂದೆತಾಯಿಗಳು ಮರುಗುವುದು ಕಣ್ಣೆದುರಿನ ಮಗುವಿಗಾಗಿ ಅಲ್ಲ, ತಾವು ನಿರೀಕ್ಷಿಸಿದ್ದ, ಎಂದೂ ಹುಟ್ಟದ ಇನ್ನೊಂದು ಮಗುವಿಗಾಗಿ ಎಂಬುದು ಅದರ ತಿರುಳು. ಜೈನ ವಾಚಕರಿಗೆ ಈ ವಿಶ್ಲೇಷಣೆ ಹೊಸತೆನಿಸದು. ಇಷ್ಟವಿಯೋಗದ ಕೊರಗನ್ನು ಶಾಸ್ತ್ರಗಳು ಆರ್ತಧ್ಯಾನವೆಂದು ಕರೆದು ತ್ಯಾಜ್ಯವೆಂದಿವೆ. ಇಲ್ಲಿಯಾದರೋ ಕಳೆದುಹೋದ ಇಷ್ಟವೇ ಕಲ್ಪಿತವಾದುದು. ‘ಪೂರ್ವಕರ್ಮದ ಫಲ’ವೆಂದು ಹಿರಿಯರು ಇಡುವ ನಿಟ್ಟುಸಿರು ಮಗುವಿನ ಕಿವಿಗೂ ಬೀಳುತ್ತದೆ ಎಂಬ ಎಚ್ಚರವನ್ನು ಈ ಲೇಖನ ಮೂಡಿಸುತ್ತದೆ.

ಆದರೆ ದಿನವಿಡೀ ಆರೈಕೆ ಮಾಡುವವರ ದಣಿವಿಗೆ ಅದರಲ್ಲಿ ಸಾಕಷ್ಟು ಎಡೆಯಿಲ್ಲ. ಮಗು ಬೆಳೆದ ಮೇಲೆ ಜೊತೆಗಾರರು ಯಾರು ಎಂಬ ಪ್ರಶ್ನೆಗೂ ವಿವರವಾದ ಉತ್ತರವಿಲ್ಲ. ಆ ಉತ್ತರ ಆಚರಣೆಯಲ್ಲಿ ದೊರೆಯಿತು. ಸಿಂಕ್ಲೇರ್ ಮತ್ತು ಸಂಗಡಿಗರು 1992ರಲ್ಲಿ ಕಟ್ಟಿದ ಆಟಿಸಂ ನೆಟ್‌ವರ್ಕ್ ಇಂಟರ್‌ನ್ಯಾಷನಲ್ ಸಂಸ್ಥೆ 1996ರಲ್ಲಿ ‘ಆಟ್ರೀಟ್’ ಎಂಬ ಶಿಬಿರವನ್ನು ಆರಂಭಿಸಿತು. ಆ ಶಿಬಿರಗಳಲ್ಲಿ ಬಣ್ಣದ ಬಿಲ್ಲೆಗಳು ಬಳಕೆಗೆ ಬಂದವು. ಕೆಂಪು ಬಿಲ್ಲೆ ಧರಿಸಿದವರನ್ನು ಯಾರೂ ಮಾತನಾಡಿಸುವಂತಿರಲಿಲ್ಲ. ಹಳದಿ ಧರಿಸಿದವರನ್ನು ಪರಿಚಿತರು ಮಾತ್ರ ಮಾತನಾಡಿಸಬಹುದಿತ್ತು. ಇದು ವೈದ್ಯರು ವಿಧಿಸಿದ ಉಪಾಯವಲ್ಲ. ಸಮಾನರು ತಮಗಾಗಿ ತಾವೇ ರೂಪಿಸಿಕೊಂಡ ಮೌನದ ಭಾಷೆ.

ಚತುರ್ವಿಧ ದಾನಗಳಲ್ಲಿ ಅಭಯವೂ ಒಂದು. ಆಹಾರ, ಔಷಧಗಳಿಗೆ ಉದಾರವಾಗಿ ಕೊಡುವ ಬಸದಿಗಳ ಆಡಳಿತ ಸಮಿತಿಗಳು ಇದನ್ನು ಗಮನಿಸಬೇಕು. ಮಾತನಾಡಲೇಬೇಕೆಂಬ ಭಯವಿಲ್ಲದ ಒಂದು ಕೋಣೆ, ವಾರಕ್ಕೊಂದು ಸಂಜೆ ಇಂಥವರಿಗೆ ದೊರೆತರೆ, ಜೀವಿಗಳ ಪರಸ್ಪರ ಉಪಕಾರವೆಂಬ ತತ್ತ್ವವನ್ನು ಅವರೇ ಆಚರಿಸಿ ತೋರಿಸಿಯಾರು.