ಜಾಕ್ ಸ್ಟೀನ್: ಇದ್ದವರಿಂದಲೇ ಕಟ್ಟಿದ ತಂಡ

ಜಾಕ್ ಸ್ಟೀನ್ 1922ರಲ್ಲಿ ಸ್ಕಾಟ್ಲೆಂಡಿನ ಲನಾರ್ಕ್‌ಶೈರ್ ಸೀಮೆಯ ಬರ್ನ್‌ಬ್ಯಾಂಕ್‌ನಲ್ಲಿ ಹುಟ್ಟಿದರು. ಅದು ಕಲ್ಲಿದ್ದಲು ಗಣಿಗಳನ್ನು ನಂಬಿ ಬದುಕುತ್ತಿದ್ದ ಊರು. ತಂದೆಯಂತೆ ಅವರೂ ಹರೆಯದಲ್ಲೇ ಗಣಿಗೆ ಇಳಿದರು. ವಾರವಿಡೀ ಗಣಿ ಕೆಲಸ, ಶನಿವಾರ ಆಲ್ಬಿಯನ್ ರೋವರ್ಸ್ ಎಂಬ ಸಣ್ಣ ಕ್ಲಬ್ಬಿನ ಪರ ಫುಟ್‌ಬಾಲ್: ಹೀಗೆ ಎಷ್ಟೋ ವರ್ಷ ನಡೆಯಿತು. 1950ರಲ್ಲಿ ವೇಲ್ಸ್‌ನ ಲನೆಥ್ಲಿ ಕ್ಲಬ್ಬಿಗೆ ಹೋದಾಗ ಅವರ ಆಟದ ಬದುಕು ಅಲ್ಲಿಗೆ ಮುಗಿಯುವಂತೆಯೇ ಕಾಣುತ್ತಿತ್ತು. ಮರುವರ್ಷ ಗ್ಲಾಸ್ಗೋದ ಸೆಲ್ಟಿಕ್ ಕ್ಲಬ್ ಅವರನ್ನು ಕರೆಸಿಕೊಂಡಿತು. ಮೀಸಲು ತಂಡದಲ್ಲಿ ಎಳೆಯರ ಜೊತೆ ಒಬ್ಬ ಅನುಭವಿ ಇರಲಿ ಎಂಬುದಷ್ಟೇ ಕ್ಲಬ್ಬಿನ ಲೆಕ್ಕಾಚಾರವಾಗಿತ್ತು. ಆದರೆ ಮೊದಲ ತಂಡದ ರಕ್ಷಣಾ ಆಟಗಾರರು ಗಾಯಗೊಂಡದ್ದರಿಂದ ಅವರಿಗೆ ಅವಕಾಶ ಸಿಕ್ಕಿತು. ಮುಂದೆ ನಾಯಕತ್ವವೂ ಬಂತು. ಅವರ ನಾಯಕತ್ವದಲ್ಲೇ 1954ರಲ್ಲಿ ಸೆಲ್ಟಿಕ್ ಲೀಗ್ ಮತ್ತು ಸ್ಕಾಟಿಷ್ ಕಪ್ ಎರಡನ್ನೂ ಗೆದ್ದಿತು.

ಆಟಗಾರನಾಗಿ ಸ್ಟೀನ್ ಪ್ರತಿಭಾವಂತರೇನಲ್ಲ. ಎಡಗಾಲು ಬಲವಾಗಿತ್ತು, ಬಲಗಾಲು ಅಷ್ಟಕ್ಕಷ್ಟೆ, ವೇಗವೂ ಇರಲಿಲ್ಲ. ಈ ಕೊರತೆಯೇ ಮುಂದೆ ಅವರ ಬಂಡವಾಳವಾಯಿತು ಎನ್ನಬೇಕು. ಸಹಜ ಪ್ರತಿಭೆಯಿಂದ ಆಡುವವರು ತಮ್ಮ ಆಟವನ್ನು ಇನ್ನೊಬ್ಬರಿಗೆ ವಿವರಿಸಲು ಕಷ್ಟಪಡುತ್ತಾರೆ. ಸ್ಟೀನ್ ಎಲ್ಲಿ ನಿಲ್ಲಬೇಕು, ಯಾರನ್ನು ಎತ್ತ ಕಳುಹಿಸಬೇಕು ಎಂದು ಯೋಚಿಸಿಯೇ ಆಡಬೇಕಾಗಿತ್ತು. ಕಣಕಾಲಿನ ಗಾಯ ಅವರ ಆಟವನ್ನು ನಿಲ್ಲಿಸಿದಾಗ ಕ್ಲಬ್ ಮೀಸಲು ತಂಡದ ಹೊಣೆ ಕೊಟ್ಟಿತು. ಬಿಲ್ಲಿ ಮೆಕ್‌ನೀಲ್, ಬಾಬಿ ಮರ್ಡಾಕ್, ಜಾನ್ ಕ್ಲಾರ್ಕ್ ಮುಂತಾದ ಹುಡುಗರು ಅಲ್ಲಿಯೇ ಅವರ ಕೈಗೆ ಸಿಕ್ಕಿದ್ದು.

1960ರಲ್ಲಿ ಕೆಳ ಶ್ರೇಣಿಗೆ ಜಾರುವ ಭಯದಲ್ಲಿದ್ದ ಡನ್‌ಫರ್ಮ್‌ಲಿನ್ ತಂಡದ ಮ್ಯಾನೇಜರ್ ಆದ ಸ್ಟೀನ್ ಅದನ್ನು ಉಳಿಸಿದರು. ಮರುವರ್ಷವೇ ಸ್ಕಾಟಿಷ್ ಕಪ್ ಅಂತಿಮ ಪಂದ್ಯದಲ್ಲಿ ಆ ತಂಡ ಸೆಲ್ಟಿಕ್ಕನ್ನೇ ಸೋಲಿಸಿತು. 1963ರಲ್ಲಿ ಅವರು ಇಟಲಿಗೆ ಹೋಗಿ, ಇಂಟರ್ ಮಿಲಾನ್‌ನಲ್ಲಿ ಹೆಲೆನಿಯೊ ಹೆರೇರಾ ತರಬೇತಿ ನೀಡುವ ಬಗೆಯನ್ನು ಕಣ್ಣಾರೆ ನೋಡಿ ಬಂದರು. ಹಿಬರ್ನಿಯನ್ ಕ್ಲಬ್ಬಿನಲ್ಲಿ ಸ್ವಲ್ಪ ಕಾಲ ಕೆಲಸ ಮಾಡಿ, 1965ರ ಮಾರ್ಚ್‌ನಲ್ಲಿ ಸೆಲ್ಟಿಕ್‌ಗೆ ಮರಳಿದರು. ಕ್ಯಾಥೊಲಿಕ್ ಐರಿಷ್ ವಲಸಿಗರು ಕಟ್ಟಿದ ಆ ಕ್ಲಬ್ಬಿಗೆ ಅವರು ಮೊದಲ ಪ್ರಾಟೆಸ್ಟೆಂಟ್ ಮ್ಯಾನೇಜರ್. ಆವರೆಗೆ ತಂಡದ ಆಯ್ಕೆಯಲ್ಲಿ ಅಧ್ಯಕ್ಷ ರಾಬರ್ಟ್ ಕೆಲ್ಲಿಯವರ ಮಾತೇ ಕೊನೆಯದಾಗಿತ್ತು. ಆ ಅಧಿಕಾರ ಪೂರ್ತಿ ತಮಗೇ ಇರಬೇಕೆಂದು ಸ್ಟೀನ್ ಪಟ್ಟು ಹಿಡಿದು ಪಡೆದುಕೊಂಡರು.

ಎರಡೇ ವರ್ಷಗಳ ನಂತರ, 1967ರ ಮೇ 25ರಂದು, ಲಿಸ್ಬನ್‌ನಲ್ಲಿ ಸೆಲ್ಟಿಕ್ ಅದೇ ಹೆರೇರಾರ ಇಂಟರ್ ಮಿಲಾನನ್ನು 2–1ರಿಂದ ಸೋಲಿಸಿ ಯುರೋಪಿಯನ್ ಕಪ್ ಗೆದ್ದಿತು. ಬ್ರಿಟನ್ನಿನ ಯಾವ ತಂಡವೂ ಅದುವರೆಗೆ ಆ ಕಪ್ ಗೆದ್ದಿರಲಿಲ್ಲ. ಹನ್ನೊಂದೂ ಆಟಗಾರರು ಕ್ಲಬ್ಬಿನ ಮೈದಾನದಿಂದ 30 ಮೈಲಿಯೊಳಗೆ ಹುಟ್ಟಿದವರು ಎಂಬುದನ್ನು ಎಲ್ಲರೂ ನೆನೆಯುತ್ತಾರೆ. ಅದಕ್ಕಿಂತ ಮುಖ್ಯವಾದ ಸಂಗತಿ ಬೇರೆಯದು: ಆ ಹನ್ನೊಂದು ಮಂದಿಯಲ್ಲಿ ಹೆಚ್ಚಿನವರು ಸ್ಟೀನ್ ಬರುವ ಮೊದಲೇ ಕ್ಲಬ್ಬಿನಲ್ಲಿದ್ದರು. 1964–65ರ ಲೀಗ್‌ನಲ್ಲಿ ಆ ತಂಡ ಎಂಟನೇ ಸ್ಥಾನದಲ್ಲಿತ್ತು. ಸ್ಟೀನ್ ಮಾಡಿದ್ದು ಜಾಗ ಬದಲಾಯಿಸುವ ಕೆಲಸ. ಮುಂಚೂಣಿಯಲ್ಲಿದ್ದ ಮರ್ಡಾಕ್‌ರನ್ನು ಹಿಂದೆ ತಂದರು. ಅಂಚಿನಲ್ಲಿ ಓಡುತ್ತಿದ್ದ ಬರ್ಟಿ ಆಲ್ಡ್‌ರನ್ನು ಮಿಡ್‌ಫೀಲ್ಡ್‌ನ ನಡುವಿಗೆ ತಂದರು. ಹಿಬರ್ನಿಯನ್‌ನಲ್ಲಿದ್ದಾಗ ತಾವೇ ಮಾರಿದ್ದ ಗೋಲ್‌ಕೀಪರ್ ರಾನಿ ಸಿಂಪ್ಸನ್, 36ರ ವಯಸ್ಸಿನಲ್ಲಿ ಲಿಸ್ಬನ್‌ನಲ್ಲಿ ಅವರ ಗೋಲು ಕಾದರು.

ಆ ಪಂದ್ಯದಲ್ಲಿ ಏಳನೇ ನಿಮಿಷದಲ್ಲೇ ಪೆನಾಲ್ಟಿಯಿಂದ ಮುಂದೆ ಹೋದ ಇಂಟರ್, ತನ್ನ ಪ್ರಸಿದ್ಧ ರಕ್ಷಣೆಯ ಹಿಂದೆ ಕೂತಿತು. ಒಬ್ಬೊಬ್ಬ ಎದುರಾಳಿಗೆ ಒಬ್ಬೊಬ್ಬ ಕಾವಲುಗಾರ ಎಂಬುದು ಆ ರಕ್ಷಣೆಯ ಮೂಲ. ಸೆಲ್ಟಿಕ್‌ನ ಮುಂಚೂಣಿ ಆಟಗಾರರು ಅತ್ತಿತ್ತ ಸರಿಯುತ್ತ ತಮ್ಮ ಕಾವಲುಗಾರರನ್ನು ಎಳೆದೊಯ್ದರು; ತೆರವಾದ ಜಾಗಕ್ಕೆ ಹಿಂದಿನ ಸಾಲಿನವರು ನುಗ್ಗಿದರು. ಬಲ ಬ್ಯಾಕ್ ಜಿಮ್ ಕ್ರೇಗ್ ಕೊಟ್ಟ ಚೆಂಡನ್ನು ಎಡ ಬ್ಯಾಕ್ ಟಾಮಿ ಜೆಮ್ಮೆಲ್ ಗೋಲಾಗಿಸಿದರು. ಕೊನೆಯ ಹೊತ್ತಿನಲ್ಲಿ ಜೆಮ್ಮೆಲ್ ಹಿಂದಕ್ಕೆ ಸರಿಸಿದ ಚೆಂಡನ್ನು ಮರ್ಡಾಕ್ ಹೊಡೆದರು, ಸ್ಟೀವ್ ಚಾಮರ್ಸ್ ಅದರ ದಿಕ್ಕು ತಿರುಗಿಸಿದರು. ಎರಡೂ ಗೋಲುಗಳ ಬೇರು ರಕ್ಷಣಾ ಸಾಲಿನಲ್ಲಿದೆ. ಗಾಯಗೊಂಡಿದ್ದ ಲೂಯಿಸ್ ಸುವಾರೆಜ್ ಇಲ್ಲದೆ ಇಂಟರ್ ಬಡವಾಗಿತ್ತು ಎಂಬುದು ನಿಜ. ಆದರೆ ಅಂದಿನ ಆಟದ ಏಕಪಕ್ಷೀಯತೆಯನ್ನು ನೋಡಿದರೆ, ಅವರಿದ್ದಿದ್ದರೂ ಫಲಿತಾಂಶ ಬದಲಾಗುತ್ತಿತ್ತು ಎನ್ನಲು ಬಲವಾದ ಕಾರಣ ಸಿಗುವುದಿಲ್ಲ.

ಮನುಷ್ಯರನ್ನು ಅರಿಯುವುದರಲ್ಲೂ ಸ್ಟೀನ್ ನಿಪುಣರು. ಸೆಲ್ಟಿಕ್ ಆಟಗಾರ ಜಿಮ್ಮಿ ಜಾನ್‌ಸ್ಟನ್‌ಗೆ ವಿಮಾನವೆಂದರೆ ಭಯ. 1968ರಲ್ಲಿ ರೆಡ್ ಸ್ಟಾರ್ ಬೆಲ್‌ಗ್ರೇಡ್ ವಿರುದ್ಧ ಮೊದಲಾರ್ಧ 1–1ರಲ್ಲಿ ಮುಗಿದಾಗ, ನಾಲ್ಕು ಗೋಲುಗಳ ಅಂತರದಲ್ಲಿ ಗೆದ್ದರೆ ಎರಡನೇ ಪಂದ್ಯಕ್ಕೆ ಬೆಲ್‌ಗ್ರೇಡ್‌ಗೆ ಹಾರುವ ಅಗತ್ಯವಿಲ್ಲ ಎಂದು ಅವರಿಗೆ ಮಾತು ಕೊಟ್ಟರು. ಸೆಲ್ಟಿಕ್ 5–1ರಿಂದ ಗೆದ್ದಿತು.

ಇಂಥ ಸೂಕ್ಷ್ಮದೃಷ್ಟಿಯವರೇ 1970ರಲ್ಲಿ ಎಡವಿದರು. ಯುರೋಪಿಯನ್ ಕಪ್ ಸೆಮಿಫೈನಲ್‌ನಲ್ಲಿ ಲೀಡ್ಸ್ ಯುನೈಟೆಡ್ಡನ್ನು ಎರಡೂ ಪಂದ್ಯಗಳಲ್ಲಿ ಸೋಲಿಸಿದ್ದರು. ಹ್ಯಾಂಪ್ಡೆನ್ ಪಾರ್ಕ್‌ನ ಪಂದ್ಯಕ್ಕೆ 1,36,505 ಮಂದಿ ಸೇರಿದ್ದರು. ಮಿಲಾನ್‌ನ ಅಂತಿಮ ಪಂದ್ಯದಲ್ಲಿ ಎದುರಾಳಿ ಹಾಲೆಂಡಿನ ಫೆಯೆನೂರ್ಡ್. ಅದರ ಮಿಡ್‌ಫೀಲ್ಡ್‌ನಲ್ಲಿ ಮೂವರಿದ್ದರೆ, ಸ್ಟೀನ್ ಮರ್ಡಾಕ್ ಮತ್ತು ಆಲ್ಡ್ ಇಬ್ಬರನ್ನೇ ನಂಬಿದರು. ಚೆಂಡು ಅವರ ಕೈತಪ್ಪಿತು. ಹೆಚ್ಚುವರಿ ಅವಧಿಯಲ್ಲಿ 2–1ರಿಂದ ಸೋಲು. ಎದುರಾಳಿಯನ್ನು ಹಗುರವಾಗಿ ಎಣಿಸುವ ತಪ್ಪನ್ನು ಸ್ಟೀನ್ ಇಲ್ಲಿ ಮಾಡಿದರು.

ಲಿಸ್ಬನ್‌ಗಿಂತಲೂ ಕಷ್ಟದ ಸಾಧನೆ 1966ರಿಂದ 1974ರವರೆಗಿನ ಸತತ ಒಂಬತ್ತು ಲೀಗ್ ಪ್ರಶಸ್ತಿಗಳು. ಒಂದು ತಂಡದ ಉತ್ಸಾಹ ಅಷ್ಟು ವರ್ಷ ಉಳಿಯುವುದಿಲ್ಲ. ಹಳಬರನ್ನು ಒಬ್ಬೊಬ್ಬರನ್ನಾಗಿ ಬಿಡುತ್ತ, ಕೆನ್ನಿ ಡಾಲ್ಗ್ಲೀಷ್, ಡ್ಯಾನಿ ಮೆಗ್ರೇನ್, ಡೇವಿಡ್ ಹೇ ಅವರಂಥ ಹೊಸಬರನ್ನು ಬೆಳೆಸುತ್ತ ಅವರು ಗೆಲುವಿನ ಸಾಲನ್ನು ಮುರಿಯದೆ ಉಳಿಸಿದರು. ಬೆಳೆದವರಲ್ಲಿ ಕೆಲವರನ್ನು ಇಂಗ್ಲೆಂಡಿನ ಶ್ರೀಮಂತ ಕ್ಲಬ್ಬುಗಳು ಕೊಂಡೊಯ್ದವು. 1977ರಲ್ಲಿ ಡಾಲ್ಗ್ಲೀಷ್ 4,40,000 ಪೌಂಡ್‌ಗೆ ಲಿವರ್‌ಪೂಲ್ ಸೇರಿದರು.

1975ರ ಕಾರು ಅಪಘಾತ ಅವರನ್ನು ಸಾವಿನ ಅಂಚಿಗೆ ಒಯ್ದಿತ್ತು. 1977ರಲ್ಲಿ ಮತ್ತೆ ಲೀಗ್ ಮತ್ತು ಕಪ್ ಎರಡನ್ನೂ ಗೆದ್ದರೂ ಮರುವರ್ಷ ತಂಡ ಕುಸಿಯಿತು. ಆಗ ಹದಿಮೂರು ವರ್ಷಗಳಲ್ಲಿ 25 ಪ್ರಮುಖ ಪ್ರಶಸ್ತಿಗಳನ್ನು ತಂದುಕೊಟ್ಟವರಿಗೆ ಕ್ಲಬ್ ತೋರಿಸಿದ್ದು ಹಣ ಸಂಗ್ರಹದ ವಿಭಾಗದ ಕುರ್ಚಿ. ಸೆಲ್ಟಿಕ್‌ನ ಇತಿಹಾಸದಲ್ಲಿ ಇದಕ್ಕಿಂತ ಕೃತಘ್ನವಾದ ನಿರ್ಧಾರ ಹುಡುಕುವುದು ಕಷ್ಟ. ಲೀಡ್ಸ್‌ನಲ್ಲಿ 44 ದಿನ ಇದ್ದು, ಸ್ಟೀನ್ ಸ್ಕಾಟ್ಲೆಂಡ್ ರಾಷ್ಟ್ರೀಯ ತಂಡಕ್ಕೆ ಬಂದರು. ಅಲ್ಲಿ ಅವರು ಹಿಂದಿನ ಧೈರ್ಯಶಾಲಿಯಲ್ಲ, ಎಚ್ಚರಿಕೆಯ ಮನುಷ್ಯ. 1982ರ ವಿಶ್ವಕಪ್‌ನಲ್ಲಿ ತಂಡ ಗೋಲು ವ್ಯತ್ಯಾಸದಿಂದ ಹೊರಬಿತ್ತು. 1985ರ ಸೆಪ್ಟೆಂಬರ್ 10ರಂದು ಕಾರ್ಡಿಫ್‌ನಲ್ಲಿ ವೇಲ್ಸ್ ವಿರುದ್ಧ 1–1ರ ಸಮಬಲ ಸಾಧಿಸಿದ ಸ್ಕಾಟ್ಲೆಂಡ್ ಮುಂದಿನ ವಿಶ್ವಕಪ್‌ನ ಪ್ಲೇಆಫ್‌ಗೆ ಅರ್ಹತೆ ಪಡೆಯಿತು. ಪಂದ್ಯ ಮುಗಿಯುವ ಹೊತ್ತಿಗೆ ಕುಸಿದುಬಿದ್ದ ಸ್ಟೀನ್ ಮೈದಾನದ ವೈದ್ಯಕೀಯ ಕೊಠಡಿಯಲ್ಲೇ ತೀರಿಕೊಂಡರು. ಆಗ ಅವರಿಗೆ 62 ವರ್ಷ. ಆ ರಾತ್ರಿ ಅವರ ಸಹಾಯಕರಾಗಿದ್ದ ಅಲೆಕ್ಸ್ ಫರ್ಗುಸನ್ ತಂಡವನ್ನು ಮೆಕ್ಸಿಕೊದ ಆ ವಿಶ್ವಕಪ್‌ಗೆ ಕರೆದೊಯ್ದರು. ಮುಂದೆ ಮ್ಯಾಂಚೆಸ್ಟರ್ ಯುನೈಟೆಡ್‌ನಲ್ಲಿ ಫರ್ಗುಸನ್ ಗೆದ್ದದ್ದು ಸ್ಟೀನ್ ಗೆದ್ದದ್ದಕ್ಕಿಂತ ಹೆಚ್ಚು. ಆದರೆ ಇದ್ದ ಆಟಗಾರರನ್ನೇ ಇಟ್ಟುಕೊಂಡು, ಇಷ್ಟು ಕಡಿಮೆ ಹಣದಲ್ಲಿ ಯುರೋಪಿಯನ್ ಕಪ್ ಗೆದ್ದ ಸ್ಕಾಟಿಷ್ ಮ್ಯಾನೇಜರ್ ಸ್ಟೀನ್ ಒಬ್ಬರೇ.